ಭರಣಿಗೆ ಕಟ್ಟಿದ ಚಿಂದಿ

ಭರಣಿಯ ಮುಚ್ಚಳ ತೆಗೆದರೆ ಕಾಳಾ ಮಸಾಲಾ ಘಮ್ ಅನ್ನಬೇಕು. ಈ ಸಲ ಅನ್ನಲಿಲ್ಲ. ಹೊಟ್ಟಿ ಉರಿಯುತ್ತದೆ ಅಂತ ನಾನೇ ಮೆಣಸಿನಕಾಯಿ ಕಡಿಮೆ ಹಾಕಿದ್ದೆ, ಯಾರಿಗೂ ಹೇಳಿರಲಿಲ್ಲ. ಊಟಕ್ಕೆ ಕೂತ ಮೊಮ್ಮಗಳು ಸವಿತಾ ಒಂದು ತುತ್ತು ಬಾಯಿಗಿಟ್ಟು ತಡೆದಳು.

"ಆಯಿ, ಇದ್ರಾಗ ಏನ್ ಬದಲಿ ಮಾಡೀದಿ?"

"ನಿನ್ನ ಕಂಪ್ಯೂಟರ್ ನೀ ನೋಡ್ಕೋ."

ಅಲ್ಲಿ ನೋಡಲಿಕ್ಕೆ ಬೇಕಾದಷ್ಟಿತ್ತು. ಈಕಿ ನಿಲಂಗಾದ ಕಾಲೇಜಿನಲ್ಲಿ ಅದನ್ನೇ ಕಲಿಯುತ್ತಾಳೆ. ಗೆಳತಿ ಅಶ್ವಿನಿ ಜೋಡಿ ಕೂಡಿ, ಸ್ಟ್ಯಾಂಡಿನಿಂದ ಯಾವ ಬಸ್ಸು ಎಷ್ಟಕ್ಕೆ ಬಿಡುತ್ತದೆ ಅಂತ ತೋರಿಸುವ ಒಂದು ಪ್ರೋಗ್ರಾಂ ಮಾಡಿದ್ದಾಳೆ. ನಾಳೆ ಮಾಸ್ತರರ ಮುಂದೆ ಇಡಬೇಕು. ನಿನ್ನೆಯತನಕ ಸರಿ ಇದ್ದದ್ದು, ಇವತ್ತು ಮಧ್ಯಾಹ್ನದ ನಂತರ ಉದಗೀರಕ್ಕೆ ಒಂದು ಬಸ್ಸೂ ಇಲ್ಲ ಅನ್ನುತ್ತಿದೆಯಂತೆ.

"ಹಿಂದಿಂದು ತೆಗೆದಿಟ್ಟಿಲ್ಲೇನ?"

"ಇಟ್ಟೀವಿ ಆಯಿ. ಬದಲಿ ಮಾಡ್ದಾಗೊಮ್ಮೆ ಇಡ್ತೀವಿ, ಅದಕ್ಕ ಕಮಿಟ್ ಅಂತಾರ. ಏನ್ ಮಾಡ್ದಿ, ಯಾಕ್ ಮಾಡ್ದಿ ಅಂತ ಒಂದು ಸಾಲ್ ಬರೀಬೇಕು."

"ಬರ್ದೀರೇನು?"

ಓದಿ ಹೇಳಿದಳು. ಬದಲಿ. ಬದಲಿ. ಮತ್ತ ಬದಲಿ. ಕಡೀ ಬದಲಿ. ಅದರ ಕೆಳಗೆ ಇನ್ನೊಂದು ಬದಲಿ.

"ಏನ್ ಬದಲಿ ಮಾಡ್ಯಾಳಂತ ಅಶ್ವಿನಿಗೇ ಕೇಳು."

"ಆಕಿ ಜೋಡಿ ನಾ ಮಾತಾಡಂಗಿಲ್ಲ."

ನನಗೆ ನಗು ಬಂತು. ನಮ್ಮ ಅತ್ತಿ ನೆನಪಾದರು.

ನಮ್ಮದು ನಿಲಂಗಾ ಬಜಾರಿನಲ್ಲಿ ಕಿರಾಣಿ ಅಂಗಡಿ. ಆಗೊಂದು ವರ್ಷ ಬರ ಬಿದ್ದಿತ್ತು. ಬರ ಅಂದರೆ ನೀವು ಒಣಗಿದ ಹೊಲ ನೆನೆಸಿಕೊಳ್ಳುತ್ತೀರಿ. ಅಂಗಡಿಯವರಿಗೆ ಬರ ಅಂದರೆ ಗಿರಾಕಿ ಬೆಲ್ಲದ ಕಡೆ ನೋಡಿ ಉಪ್ಪು ಕೇಳುವುದು. ಆದರೂ ನಮ್ಮ ಮಸಾಲಾ ಕೇಳುವುದನ್ನು ಯಾರೂ ಬಿಟ್ಟಿರಲಿಲ್ಲ. ಮಾಕಣಿಯವರು, ಶಿರೂರ ಅನಂತಪಾಳದವರು ಸಂತೆಯ ದಿನ ಅದಕ್ಕಂತಲೇ ಬರುತ್ತಿದ್ದರು. ಅದೂ ಹೋದರೆ ಬಾಗಿಲು ಹಾಕುವುದೇ.

ಅತ್ತಿಯವರದೊಂದು ಪದ್ಧತಿ. ಮಸಾಲಾದಲ್ಲಿ ಏನೇ ಹೆಚ್ಚುಕಡಿಮೆ ಮಾಡುವ ಮೊದಲು ಹಳೆಯದರಲ್ಲಿ ಒಂದು ಮುಷ್ಟಿ ಸಣ್ಣ ಭರಣಿಗೆ ತೆಗೆದಿಡಬೇಕು. ಹೊಸದಕ್ಕೆ ಚಿಂದಿ ಕಟ್ಟಬೇಕು. ಚಿಂದಿ ಬದಲಿ ಮಾಡಿದವಳ ಸೀರೆಯದೇ ಆಗಿರಬೇಕು, ಯಾರು ಅಂತ ತಿಳಿಯಲಿಕ್ಕೆ. ಚಿಂದಿಯೊಳಗೆ, ಹೆಚ್ಚುಕಡಿಮೆ ಮಾಡಿದ ಸಾಮಾನಿನ ಒಂದು ಚೂರು. ಕಡಿಮೆ ಮಾಡಿದ್ದರೆ ಒಂದು ಗಂಟು, ಹೆಚ್ಚು ಮಾಡಿದ್ದರೆ ಎರಡು. ಸೀರೆ ಹರಿಯಬೇಕಾಗುತ್ತದೆ ಅಂತಲೇ ಸುಮ್ಮಸುಮ್ಮನೆ ಯಾರೂ ಕೈ ಹಾಕುತ್ತಿರಲಿಲ್ಲ.

ಆ ವರ್ಷ ನನಗೂ ನನ್ನ ನೆಗೆಣ್ಣಿಗೂ ಮಾತಿರಲಿಲ್ಲ. ಕಾರಣ ಕೇಳಬೇಡಿರಿ, ಈಗ ನನಗೂ ನೆನಪಿಲ್ಲ. ಕೊಬ್ಬರಿ ತುಟ್ಟಿಯಾಗಿದೆ ಅಂತ ನಾನು ಮಸಾಲಾ ಕೂಡಿಸುವ ಅಗಲವಾದ ದೊಡ್ಡ ಪರಾತದೊಳಗಿನ ಕೊಬ್ಬರಿ ಅರ್ಧ ತೆಗೆದೆ. ಕೊತ್ತಂಬರಿ ಬೀಜ ಸಿಗುತ್ತಿಲ್ಲ ಅಂತ ಅದೇ ಪರಾತದಿಂದ ಆಕಿ ಅದನ್ನು ಅರ್ಧ ತೆಗೆದಳು. ಇಬ್ಬರೂ ಚಿಂದಿ ಕಟ್ಟಲಿಲ್ಲ. ಕಟ್ಟಿದರೆ ಆಕಿಗೆ ಹೇಳಿದಂಗಾಗುತ್ತದಲ್ಲ! ನಾನು ತೆಗೆದದ್ದು ಸರಿಯೇ ಇತ್ತು, ಇವತ್ತಿಗೂ ಹಂಗೇ ಅನ್ನುತ್ತೇನೆ. ಆಕಿಯದೂ ಬರೀ ಆಕಿಯದೇ ಆಗಿದ್ದರೆ ನಡೆಯುತ್ತಿತ್ತು. ಎರಡೂ ಕೂಡಿ, ಪರಾತದಲ್ಲಿ ಉಳಿದದ್ದು ಉರಿಯುವ ಖಾರ ಒಂದೇ.

ಸಂತೆ ಮರುದಿನ. ಅತ್ತಿ ನಾಲಿಗೆಗೆ ಹಚ್ಚಿ ನೋಡಿ ಉಗುಳಿದರು. "ಯಾರು?"

"ಆಕಿಗಿ ಕೇಳ್ರಿ ಅತ್ತಿ, ಕೊಬ್ಬರಿ ಡಬ್ಬಿ ಆಕಿ ಕೈಯಾಗಿತ್ತು," ಅಂದಳು ನೆಗೆಣ್ಣಿ, ಗೋಡೆಯ ಕಡೆ ನೋಡುತ್ತ.

"ಕೊತ್ತಂಬರಿ ನುಂಗಿದಾಕಿಗಿ ಮೊದಲ ಕೇಳ್ರಿ," ಅಂದೆ ನಾನು, ಒಲೆಯ ಕಡೆ ನೋಡುತ್ತ.

"ಮಾತಾಡಬ್ಯಾಡ್ರಿ. ನಿಮ್ಮ ಮಾತ್ ಯಾರಿಗ್ ಬೇಕಾಗ್ಯಾದ? ಚಿಂದಿ ಕಟ್ಲಕ್ ಏನ್ ಧಾಡಿ ಆಗಿತ್ತು?"

ಹಿಂದೊಮ್ಮೆ ತೆಗೆದಿಟ್ಟ ಹಳೆಯ ಮುಷ್ಟಿ ಇತ್ತು, ಬದುಕಿದೆವು. ಅತ್ತಿ ಅದನ್ನು ನಾಲಿಗೆ ಮೇಲಿಟ್ಟು, ಕಳೆದದ್ದನ್ನೆಲ್ಲ ತಿರುಗಿ ಕೂಡಿಸಿ, ಸಂತೆಗೆ ಮೊದಲಿನ ಮಸಾಲಾನೇ ಕಳಿಸಿದರು. ಆಮೇಲೆ ಇಬ್ಬರಿಗೂ ಒಂದೊಂದು ಸಣ್ಣ ಪರಾತ ಕೊಟ್ಟರು. "ನಿಮ್ಮ ನಿಮ್ಮ ಶಾಣ್ಯಾತನ ಇದ್ರಾಗ ಮಾಡ್ರಿ. ಇಕಿಂದು ಆಕಿ ತಿಂದ್ ನೋಡಬೇಕು, ಆಕಿಂದು ಇಕಿ. ಇಬ್ರೂ ಹ್ಞೂಂ ಅಂದ್ರ ದೊಡ್ಡ ಪರಾತಕ್ಕ." ತಿಂದು ಹ್ಞೂಂ ಅನ್ನಬೇಕಲ್ಲ, ಹಂಗಾಗಿ ಮಾತು ಶುರುವಾಯಿತು. ಕೊಬ್ಬರಿ ಕಡಿಮೆಯಾದಲ್ಲಿ ಎಳ್ಳು ಹೆಚ್ಚು ಮಾಡಿದೆವು. ಬರ ಮುಗಿಯುವತನಕ ಅದನ್ನೇ ಮಾರಿದೆವು.

"ಸಣ್ಣ ಪರಾತಕ್ಕ ನಾವು ಬ್ರಾಂಚ್ ಅಂತೀವಿ ಆಯಿ," ಅಂದಳು ಇದನ್ನೆಲ್ಲ ಕೇಳಿದ ಸವಿತಾ. "ದೊಡ್ಡದ್ರಾಗ ಕೂಡ್ಸೋದಕ್ಕ ಮರ್ಜ್."

"ಹೆಸರ್ ಇಟ್ಕೊಂಡ್ ಕೂಡಬ್ಯಾಡ. ಫೋನ್ ಹಚ್ಚು."

ಮುಖ ಗಂಟಿಕ್ಕಿಕೊಂಡೇ ಹಚ್ಚಿದಳು. ಹೋದ ಬಸ್ಸುಗಳನ್ನು ತೆಗೆದು ಒಗೆಯುವಂತೆ ಈಕಿ ಮಾಡಿದ್ದಳು. ಅದೇ ದಿನ ಅಶ್ವಿನಿ ಗಡಿಯಾರವನ್ನು ಇಪ್ಪತ್ನಾಲ್ಕು ತಾಸಿನದು ಮಾಡಿದ್ದಳು. ಗಡಿಯಾರ ಹದಿನಾರು ಅನ್ನುತ್ತದೆ, ಬಸ್ಸಿನ ಮುಂದೆ ಐದು ಅಂತಿದೆ. ಅಂದಮೇಲೆ ಬಸ್ಸು ಹೋಗಿಬಿಟ್ಟಿದೆ ಅಂತ ಅದರ ಲೆಕ್ಕ.

"ನಿಂದು ನೀ ಹೇಳ್ಬಾರ್ದಿತ್ತೇನ?" ಅಂತ ಆ ಕಡೆಯಿಂದ ಅಶ್ವಿನಿ.

"ನೀ ಹೇಳೀದೇನ?" ಅಂತ ಈಕಿ.

ಬೈದಾಡಿಕೊಂಡೇ ನಿನ್ನೆಯ ಕಮಿಟ್ಟಿಗೆ ಹಿಂದಕ್ಕೆ ಹೋದರು. ತಮ್ಮ ತಮ್ಮ ಬ್ರಾಂಚಿನಲ್ಲಿ ಒಂದೊಂದನ್ನು ಸರಿಮಾಡಿ, ಒಬ್ಬರದೊಬ್ಬರು ನೋಡಿ ಕೂಡಿಸಿದರು. ಐದರ ಉದಗೀರ ಬಸ್ಸು ಕಂಪ್ಯೂಟರಿನಲ್ಲಿ ತಿರುಗಿ ಬಂತು.

"ಸಾಲ್ ಬರ್ದೀ?"

"'ಬಸ್ಸಿನ ಹೊತ್ತೂ ಇಪ್ಪತ್ನಾಲ್ಕು ತಾಸಿಗೆ ತಂದದ್ದು. ಇಲ್ಲದಿದ್ದರೆ ಮಧ್ಯಾಹ್ನದ ನಂತರದ ಬಸ್ಸು ಕಾಣುವುದಿಲ್ಲ.' ಸಾಕಾ?"

ಸಾಕು ಅಂದೆ. ಅತ್ತಿ ಹೋದ ಮೇಲೆ ನಾನು ಚಿಂದಿ ಕಟ್ಟಿದ್ದಿಲ್ಲ. ಮಾಡುವವಳು ನಾನೊಬ್ಬಳೇ, ಯಾರಿಗೆ ಹೇಳಬೇಕು ಅಂತ. ತಿನ್ನುವವರು ಮನಿ ತುಂಬ ಇದ್ದಾರೆ, ಅದು ಲೆಕ್ಕಕ್ಕೇ ಬಂದಿರಲಿಲ್ಲ. ಹಳೇ ಸೀರೆಯ ಅಂಚು ಹರಿದು, ಒಂದು ಮೆಣಸಿನಕಾಯಿ ಇಟ್ಟು, ಒಂದು ಗಂಟು ಹಾಕಿ ಭರಣಿಯ ಕೊರಳಿಗೆ ಕಟ್ಟಿದೆ.

ಸವಿತಾ ಗಂಟು ಮುಟ್ಟಿ ನೋಡಿದಳು. "ಖಾರ ಕಡಿಮಿ. ಆಯಿ ಕೈ."

ಓದಿದಳು. ಓದಿ, ಕಡಿಮೆಯಾದ ಖಾರಕ್ಕೆ ಶೇಂಗಾ ಹಿಂಡಿ ಬಡಿಸಿಕೊಂಡಳು.