ರಂಗೋಲಿಗೆ ಜಾಗವಿರುವ ಕಾಟೇಜು

ಗಾಲ್ಫ್ ಆಡಲು ಥಾಯ್ಲೆಂಡಿಗೆ ಹೊರಟಾಗ ನಮ್ಮ ಯಜಮಾನರಿಗೆ ಇಡೀ ಮೈದಾನ ಕಾಣುವ, ಎತ್ತರದ ಹೋಟೆಲ್ ರೂಮೇ ಬೇಕಿತ್ತು. ನನಗೋ ಬಾಗಿಲ ಮುಂದೆ ಒಂದಿಷ್ಟು ನೆಲವಿರುವ ಕಾಟೇಜು. ರಾಜಾಜಿನಗರದ ಮನೆಯಲ್ಲಿ ಒಂದು ದಿನವೂ ರಂಗೋಲಿ ತಪ್ಪಿಸಿದವಳಲ್ಲ ನಾನು.

“ಅಲ್ಲೂ ರಂಗೋಲಿನಾ? ರಜಾ ಕಣೇ ಇದು!” ಎಂದು ಗೊಣಗುತ್ತಲೇ ಕಾಟೇಜನ್ನು ಬುಕ್ ಮಾಡಿದರು.

ಅಲ್ಲಿ ನೋಡಿದರೆ ಸಾಲಾಗಿ ಒಂದೇ ಥರದ ಬಿಳಿ ಕಾಟೇಜುಗಳು. ಬೆಳಿಗ್ಗೆ ಎದ್ದು ನಮ್ಮ ಬಾಗಿಲಿಗೆ ಅಕ್ಕಿಹಿಟ್ಟಿನ ರಂಗೋಲಿ ಹಾಕಿದೆ. ಸಂಜೆ ಆಟ ಮುಗಿಸಿ ಬಂದಾಗ ನಮ್ಮ ಜೊತೆಗೇ ಬಂದು ಅದೇ ಸಾಲಿನಲ್ಲಿ ಇಳಿದಿದ್ದ ಇವರ ಗೆಳೆಯರು ತಮ್ಮದೆಂದುಕೊಂಡು ಯಾರದೋ ಬಾಗಿಲು ತಟ್ಟಿ, “ಸಾರಿ, ಸಾರಿ” ಎನ್ನುತ್ತಾ ಓಡಿಬಂದರು. ಇವರು ಮಾತ್ರ ರಂಗೋಲಿ ನೋಡಿಕೊಂಡು ನೇರ ಒಳಗೆ ಬಂದರು.

“ನಾಳೆ ನಮ್ಮ ಬಾಗಿಲಿಗೂ ಒಂದು ಹಾಕ್ಬಿಡಿ ಅತ್ತಿಗೆ,” ಅಂದರು ಗೆಳೆಯರು.

ಮುಂದಿನ ಸಲ ಟ್ರಾವೆಲ್ಸ್‌ನವರಿಗೆ ಇವರೇ ಫೋನ್ ಮಾಡಿದರು: “ಬಾಗಿಲ ಮುಂದೆ ಜಾಗ ಇದೆ ತಾನೇ, ಸಾರ್?”