ಅಮೃತಾಳ ಹತ್ತು ವರ್ಷ

ಗುಡಗೇರಿಯ ಅಮೃತಾ ಬ್ಯಾಂಕ್ ಸಾಲ ಮಾಡಿ ಬಿ.ಫಾರ್ಮಾ ಮುಗಿಸಿದ ವರ್ಷ ಅವಳ ಫೋನಿಗೆ ಒಂದು ವಿಡಿಯೊ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹತ್ತು ವರ್ಷ ಕೆಲಸ ಮಾಡುತ್ತ ಕಂತು ಕಟ್ಟಿದರೆ ಫಾರ್ಮಸಿಸ್ಟರ ಓದಿನ ಸಾಲದಲ್ಲಿ ಉಳಿದದ್ದೆಲ್ಲ ಮಾಫಿ ಎಂದು ಯಾರೋ ಒಬ್ಬರು ಕನ್ನಡದಲ್ಲೇ ವಿವರಿಸುತ್ತಿದ್ದರು. ಯಾವ ದೇಶದ ಮಾತು ಎಂದು ಹೇಳಿರಲಿಲ್ಲ. ಕಳಿಸಿದವನು ಕಾಲೇಜಿನಲ್ಲಿ ಅವಳಿಗಿಂತ ಎರಡು ವರ್ಷ ಮುಂದಿದ್ದ ಹೇಮಂತ. ಅವನೂ ನಂಬಿದ್ದ.

ಅದೇ ವಾರ ಹುಬ್ಬಳ್ಳಿಯ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯವರು ಅವಳನ್ನು ಕೆಲಸಕ್ಕೆ ಕರೆದಿದ್ದರು. ಪಗಾರ ಸರ್ಕಾರಿ ಗುತ್ತಿಗೆ ಕೆಲಸದ ಹೆಚ್ಚು ಕಡಿಮೆ ಎರಡು ಪಟ್ಟು. ಅಮೃತಾ ಅದನ್ನು ಬಿಟ್ಟು ನವಲಗುಂದ ತಾಲೂಕಿನ ಒಂದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಗುತ್ತಿಗೆ ಫಾರ್ಮಸಿಸ್ಟ್ ಆಗಿ ಸೇರಿದಳು. ಊರಿನಿಂದ ದಿನಾ ಓಡಾಡುವುದು ಆಗದ ದೂರ. ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಓದಲು ಬಾರದವರಿಗೆ ಗುಳಿಗೆಯ ಪೊಟ್ಟಣದ ಮೇಲೆ ಬೆಳಗಿನದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನನ್ನು ಬರೆದು ಕೊಡುತ್ತಿದ್ದಳು. ಪ್ರತಿ ಏಪ್ರಿಲ್‌ನಲ್ಲಿ ಗುತ್ತಿಗೆ ನವೀಕರಣವಾದಾಗ ಇನ್ನು ಒಂಬತ್ತು, ಇನ್ನು ಎಂಟು ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ನಾಲ್ಕು ವರ್ಷ ತುಂಬಿದ ಮೇಲೆ ಒಂದು ಭಾನುವಾರ ತಾಯಿ ಸುಶೀಲವ್ವ, ಈ ಮಾಫಿ ಎಲ್ಲಾದರೂ ಕಾಗದದ ಮೇಲೆ ಐತೇನು ಎಂದು ಕೇಳಿದಳು. ಆ ವಾರವೇ ಅಮೃತಾ ಕೇಂದ್ರದ ಡಾಕ್ಟರ್ ಶಾಹಿದ್ ಅವರಿಂದ ಸೇವಾ ಪ್ರಮಾಣಪತ್ರ ಬರೆಸಿಕೊಂಡು, ಮುದ್ರೆ ಹಾಕಿಸಿ, ಸಾಲ ಕೊಟ್ಟ ಬ್ಯಾಂಕಿಗೆ ಹೋದಳು.

ಸಾಲದ ಅಧಿಕಾರಿ ಸುಧಾರಾಣಿ ಪ್ರಮಾಣಪತ್ರವನ್ನು ಎರಡು ಸಲ ಓದಿದರು. ಆಮೇಲೆ ಅಮೃತಾ ಹೇಳಿದ ವಿಡಿಯೊ ತೋರಿಸಿ ಎಂದು ಕೇಳಿ, ಕೊನೆಯತನಕ ನೋಡಿದರು.

"ಇದು ಅಮೆರಿಕಾದ್ದು ಐತ್ರಿ," ಎಂದರು. "ನಮ್ಮಲ್ಲಿ ಫಾರ್ಮಸಿಸ್ಟರಿಗೆ ಹಿಂಗ ಮಾಫಿ ಮಾಡೂ ಯೋಜನಾ ನನಗ ಗೊತ್ತಿದ್ದಂಗ ಇಲ್ಲ. ನೀವು ಕಾಲೇಜಿನ್ಯಾಗ ಇದ್ದಾಗಿನ ಬಡ್ಡಿಗೆ ಸಬ್ಸಿಡಿ ಬಂದೈತಿ, ಅಷ್ಟ."

ಬೇರೆ ಯಾವ ದಾರಿಯೂ ಇಲ್ಲವೇ ಎಂದು ಅಮೃತಾ ಕೇಳಿದಳು. ಸುಧಾರಾಣಿ ಫೈಲು ತಿರುವಿದರು.

"ಸಾಲದ ಜೋಡಿ ವಿಮಾ ಮಾಡಿಸೀರಿ. ಸಾಲ ತಗೊಂಡವ್ರು ತೀರಿಕೊಂಡ್ರ ಉಳಿದಿದ್ದು ವಿಮಾದವ್ರು ಕಟ್ಟತಾರ. ಅದೊಂದ ಇಲ್ಲಿ ಬರದೈತಿ."

ಹೇಳಿದ ಮೇಲೆ ಅವರಿಗೆ ಹೇಗೋ ಅನ್ನಿಸಿರಬೇಕು, ನೀರಿನ ಬಾಟಲಿಯನ್ನು ಅವಳ ಕಡೆ ಸರಿಸಿದರು. ಅಮೃತಾ ಹೌದ್ರಿ ಎಂದಳು, ನೀರು ಕುಡಿದಳು, ಪ್ರಮಾಣಪತ್ರವನ್ನು ನೀಟಾಗಿ ಮಡಚಿ ಎದ್ದು ಬಂದಳು. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹೇಮಂತನಿಗೆ ಫೋನು ಮಾಡಬೇಕೆಂದೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯಾಚೆ ಎರೆಹೊಲಗಳನ್ನು ನೋಡುತ್ತ ತನ್ನ ಸ್ಟಾಪು ದಾಟಿ ಮುಂದಿನ ಊರಿಗೆ ಹೋಗಿಬಿಟ್ಟಳು. ಅಲ್ಲಿಂದ ನಡೆದೇ ವಾಪಸ್ಸು ಬಂದಳು.

ಆಮೇಲಿನ ದಿನಗಳಲ್ಲೂ ಕೆಲಸಕ್ಕೆ ತಪ್ಪಿಸಲಿಲ್ಲ. ಜನ ಕಿಟಕಿಗೆ ಚೀಟಿ ಕೊಡುತ್ತಿದ್ದರು, ಅವಳು ಗುಳಿಗೆ ಕೊಡುತ್ತಿದ್ದಳು. ಮಾತುಗಳು ದೂರದಿಂದ ಬಂದಂತೆ ಕೇಳುತ್ತಿದ್ದವು. ಹೀಗೆ ಎಂಟನೆಯ ದಿನ, ಮಧ್ಯಾಹ್ನ ಒಂದರ ಹೊತ್ತಿಗೆ ಪೆಟ್ಟಿಗೆಗಳನ್ನು ಜೋಡಿಸುವಾಗ ಸಕ್ಕರೆ ಕಾಯಿಲೆಯ ಗುಳಿಗೆ ಲೆಕ್ಕಕ್ಕಿಂತ ಮೂರು ಪಟ್ಟಿ ಕಡಿಮೆ ಇದ್ದವು. ಬಿಪಿ ಗುಳಿಗೆ ಮೂರು ಪಟ್ಟಿ ಹೆಚ್ಚಿದ್ದವು. ಆ ಬೆಳಿಗ್ಗೆ ಬಿಪಿ ಗುಳಿಗೆಗೆಂದು ಬಂದು ಪಟ್ಟಿ ಒಯ್ದವಳು ಊರಿನ ಅಜ್ಜಿ ದೇವಕ್ಕ ಒಬ್ಬಳೇ.

ಅಮೃತಾ ಡಾಕ್ಟರ್ ಶಾಹಿದ್ ಅವರ ಕೋಣೆಗೆ ಹೋಗಿ ನಡೆದದ್ದನ್ನು ಒಂದೇ ಮಾತಿನಲ್ಲಿ ಹೇಳಿ, ರಕ್ತದ ಸಕ್ಕರೆ ನೋಡುವ ಯಂತ್ರ ತೆಗೆದುಕೊಂಡು ಓಡಿದಳು. ಎರಡು ಓಣಿಯಾಚೆ ದೇವಕ್ಕ ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತಿದ್ದಳು. ಮೈಯೆಲ್ಲ ಬೆವರು. ಮನೆಗೆ ಬಂದವಳೇ ಒಂದು ಗುಳಿಗೆ ನುಂಗಿದ್ದಳು, ಉಂಡಿರಲಿಲ್ಲ. ಯಂತ್ರದಲ್ಲಿ ನಲವತ್ತೆಂಟು ಬಂತು, ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ಅಮೃತಾ ಸಕ್ಕರೆ ನೀರು ಕುಡಿಸಿದಳು. ಅಷ್ಟರಲ್ಲಿ ಡಾಕ್ಟರೇ ಕಾರು ತಂದರು. ಆರೋಗ್ಯ ಕೇಂದ್ರದಲ್ಲಿ ಗ್ಲೂಕೋಸ್ ಹಚ್ಚಿದರು, ಅಮೃತಾ ತಾಸಿಗೊಮ್ಮೆ ರಕ್ತ ನೋಡುತ್ತ ಮಂಚದ ಪಕ್ಕದಲ್ಲೇ ಕೂತಳು. ಇಳಿಹೊತ್ತಿಗೆ ದೇವಕ್ಕ ಸರಿಯಾಗಿ ಕಣ್ಣು ಬಿಟ್ಟು ಚಹಾ ಕೇಳಿದಳು.

"ಅಜ್ಜಿ, ನಿಮಗ ತಪ್ಪ ಗುಳಿಗಿ ಕೊಟ್ಟಾಕಿ ನಾನ," ಎಂದಳು ಅಮೃತಾ. "ಗೊತ್ತಾಗಲಿಲ್ಲ."

ದೇವಕ್ಕ ಚಹಾದ ಲೋಟ ಕೈಗೆ ತೆಗೆದುಕೊಂಡಳು.

"ನಾಕ ವರ್ಷ ಬರೋಬ್ಬರಿ ಕೊಟ್ಟೀಯಲ್ಲ. ಹೋದ ವಾರದಿಂದ ನಿನ್ನ ಮಾರಿ ಸರಿ ಇಲ್ಲ. ಏನಾಗೇತಿ?"

ಅಮೃತಾ ಏನೂ ಇಲ್ಲ ಎಂದಳು. ಕೈಯಲ್ಲಿದ್ದ ಯಂತ್ರವನ್ನು ಕೆಳಗಿಟ್ಟಳು. ಆಮೇಲೆ, ಯಾಕೆ ಎಂದು ತನಗೇ ತಿಳಿಯದೆ, ವಿಡಿಯೊದ್ದು, ಬ್ಯಾಂಕಿನದ್ದು, ವಿಮೆಯದ್ದು ಎಲ್ಲವನ್ನೂ ಹೇಳಿದಳು. ದೇವಕ್ಕನಿಗೆ ಅರ್ಧ ಅರ್ಥವಾಗಿರಲಿಕ್ಕಿಲ್ಲ. ಆದರೂ ಪೂರ್ತಿ ಕೇಳಿಸಿಕೊಂಡಳು. ಮನೆಗೆ ಹೋಗುವಾಗ, ನಾಳೆ ಸರಿಯಾದ ಗುಳಿಗೆ ತೆಗೆದಿಡು ಎಂದಳು.

ಡಾಕ್ಟರು ಮೇಲಿನವರಿಗೆ ವರದಿ ಬರೆದರು, ಅಮೃತಾ ಸಹಿ ಹಾಕಿದಳು. ಎಚ್ಚರಿಕೆಯ ಒಂದು ಮೆಮೊ ಬಂತು, ಕೆಲಸ ಉಳಿಯಿತು. ಹುಬ್ಬಳ್ಳಿಯ ಅಂಗಡಿಗೆ ಕೇಳಿ ನೋಡಿದಳು, ಜಾಗ ಖಾಲಿ ಇರಲಿಲ್ಲ. ತಿಂಗಳ ಕೊನೆಗೆ ಸುಧಾರಾಣಿಯವರೇ ಫೋನು ಮಾಡಿ, ಸಾಲದ ಅವಧಿ ಮೂರು ವರ್ಷ ಹೆಚ್ಚಿಸಿದರೆ ಕಂತು ಸಣ್ಣದಾಗುತ್ತದೆ, ಬಡ್ಡಿ ಮಾತ್ರ ಹೆಚ್ಚು ಬೀಳುತ್ತದೆ ಎಂದು ಹೇಳಿ ಬ್ಯಾಂಕಿಗೆ ಕರೆದರು. ಅವರು ಬೆರಳಿಟ್ಟ ಕಡೆಯಲ್ಲೆಲ್ಲ ಅಮೃತಾ ಸಹಿ ಮಾಡಿ ಮೂರು ಗಂಟೆಯ ಬಸ್ಸು ಹಿಡಿದಳು. ಮರುದಿನ ಮಕ್ಕಳ ಲಸಿಕೆಯ ದಿನ. ಬೆಳಿಗ್ಗೆ ಏಳಕ್ಕೆ ಹೋಗಿ ಲಸಿಕೆ ಪೆಟ್ಟಿಗೆಗೆ ಐಸ್ ತುಂಬಬೇಕಿತ್ತು.