ಕುಸುಬೆಯ ಕೆಂಪು ಉಳಿದ ದಿನ

ಮೊನ್ನೆ ಸೈದಾಪುರದಲ್ಲಿ ರೈಲಿನಿಂದ ಇಳಿದು ಬಸ್ಸಿಗೆ ಕಾಯುತ್ತಿದ್ದೆ. ಗಾಳಿ ತಿರುಗಿತು. ಗಂಟಲಲ್ಲಿ ಯಾರೋ ಸೂಜಿ ಆಡಿಸಿದ ಹಾಗಾಗಿ ಕೆಮ್ಮತೊಡಗಿದೆ. ಹಳಿಯಾಚೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ತರುಣನೊಬ್ಬ ಪಕ್ಕದಲ್ಲಿದ್ದ. "ಸಾಹೇಬ್ರು ತಪಾಸಣಿಗೆ ಬರೋ ದಿನ ಬರಬೇಕಿತ್ರಿ ಅಮ್ಮಾರ, ಅವತ್ತು ಈ ವಾಸನಿ ಇರಂಗಿಲ್ಲ" ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅದು ಗಂಧಕ ಸುಟ್ಟ ವಾಸನೆ. ನಾನು ರಸಾಯನಶಾಸ್ತ್ರದ ಪದವೀಧರೆ, ನಮ್ಮ ಮನೆತನದಲ್ಲಿ ಮೊದಲನೆಯವಳು. ಕೇಳದಿದ್ದರೂ ಹೇಳುವ ಚಟ ನನ್ನದು, ನಿಮಗೂ ಹೇಳಿಬಿಟ್ಟೆ ನೋಡಿ. ಆದರೆ ಈ ವಾಸನೆಯನ್ನು ಕಲಿತದ್ದು ಕಾಲೇಜಿನಲ್ಲಲ್ಲ, ಅಪ್ಪನ ಬುಟ್ಟಿಯ ಪಕ್ಕದಲ್ಲಿ.

ನಿಜಾಮರ ಆಳಿಕೆಯ ಕೊನೆಯ ವರ್ಷಗಳವು. ಯಾದಗಿರಿಯ ಸ್ಟೇಷನ್ನಿನ ಹಿಂದೆ ನಮ್ಮ ಮನೆ. ಅಪ್ಪ ಬಣ್ಣಗಾರ. ರಂಗಂಪೇಟೆಯ ನೇಕಾರರು ನೂಲು ತಂದುಕೊಡುತ್ತಿದ್ದರು. ಪೇಟೆಯ ಪುಡಿಬಣ್ಣ ಬಂದಿದ್ದರೂ ಮದುವೆಯ ನೂಲಿಗೆ ಕುಸುಬೆ ಹೂವಿನ ಕೆಂಪೇ ಬೇಕೆನ್ನುವವರು ಇನ್ನೂ ಇದ್ದರು. ಉಣ್ಣೆಯನ್ನು ಬಿಳಿ ಮಾಡುವ ಕೆಲಸವೂ ಬರುತ್ತಿತ್ತು. ದೊಡ್ಡ ಬುಟ್ಟಿಯೊಳಗೆ ಹಸಿ ಉಣ್ಣೆ ತೂಗುಹಾಕಿ, ಕೆಳಗೆ ಕೆಂಡದ ಮೇಲೆ ಚಿಟಿಕೆ ಗಂಧಕ ಉದುರಿಸಿ, ಮೇಲೆ ಒದ್ದೆ ಗೋಣಿತಟ್ಟು ಮುಚ್ಚುತ್ತಿದ್ದ. ಆ ಹೊಗೆ ಹೂವಿನ ಬಣ್ಣವನ್ನೂ ತಿಂದುಬಿಡುತ್ತದೆ. ಅದಕ್ಕೇ ಅಪ್ಪನಿಗೆ ಆ ಹೊಗೆಯೆಂದರೆ ಹೆದರಿಕೆ. ಪಕ್ಕದ ಮನೆಯ ಖಾಜಾಬೀಗೆ ದಮ್ಮಿನ ಕಾಯಿಲೆ. ಅವಳನ್ನು ಕೇಳದೆ ಬುಟ್ಟಿ ಇಟ್ಟವನೇ ಅಲ್ಲ.

"ಅಕ್ಕಾ, ನಾಳಿ ಗಂಧಕ ಇಡ್ತೀನಿ. ಗಾಳಿ ಗುಡ್ಡದ ಕಡಿ ಇತ್ತಂದ್ರ ಅಷ್ಟ."

"ಇಡಪಾ. ನಿಂದು ಚಿಟಿಕಿ ಗಂಧಕ, ನಂದು ಚಿಟಿಕಿ ಜೀವ. ಎರಡೂ ನೋಡ್ಕೊಂಡು ಇಡು."

ಓದುಬರಹ ಇಲ್ಲದ ಮನುಷ್ಯ ಹೀಗೆ ನಡೆದುಕೊಳ್ಳುತ್ತಿದ್ದ. ಇದನ್ನು ನೆನಪಿಟ್ಟುಕೊಂಡು ಮುಂದೆ ಕೇಳಿ.

ಸ್ಟೇಷನ್ನಿನ ಆಚೆ ಹತ್ತಿಯಿಂದ ಬೀಜ ಬಿಡಿಸುವ ಗಿರಣಿಯೊಂದಿತ್ತು. ಮೊದಲು ಅದರ ಬಾಯ್ಲರಿಗೆ ಜಾಲಿ ಕಟ್ಟಿಗೆ ಹಾಕುತ್ತಿದ್ದರು. ಒಂದು ವರ್ಷ ಎಲ್ಲಿಂದಲೋ ಅಗ್ಗದ ಕಲ್ಲಿದ್ದಲು ಬಂತು. ಹಳಿಯ ಬದಿ ಬಿದ್ದ ಒಂದು ಹೆಂಟೆಯನ್ನು ಅಪ್ಪ ಎತ್ತಿ ತಂದ. ಅದರಲ್ಲಿ ಹಳದಿ ಚುಕ್ಕೆಗಳು ಮಿಂಚುತ್ತಿದ್ದವು. "ಅಪ್ಪಾ, ಬಂಗಾರ!" ಎಂದೆ. ಅಪ್ಪ ಕೆಂಡಕ್ಕೆ ಹಿಡಿದು ಮೂಸಿದ. "ಬಂಗಾರ ಅಲ್ಲ ಯವ್ವಾ, ಗಂಧಕ. ನಾ ಬುಟ್ಯಾಗ ಇಡ್ತೀನಿ, ಇವರು ಊರಾಗ ಇಡಾಕತ್ತಾರ" ಎಂದ.

ಪಡಸಾಲೆಯಲ್ಲಿ ಒಣಹಾಕಿದ ಕುಸುಬೆಯ ಕೆಂಪು ನೂಲು ಒಂದೇ ಹಗಲಿನಲ್ಲಿ ಜ್ವರ ಬಿಟ್ಟವರ ತುಟಿಯಂತೆ ಬಿಳಿಚಿತು. ನೂಲು ಹೋಗಲಿ, ಇನ್ನೊಮ್ಮೆ ಬಣ್ಣಕ್ಕೆ ಅದ್ದಬಹುದು. ಖಾಜಾಬೀ ಮಲಗುವುದನ್ನೇ ಬಿಟ್ಟಳು. ಬಾಗಿಲ ಚೌಕಟ್ಟು ಹಿಡಿದು ಕೂತೇ ಇರುತ್ತಿದ್ದಳು. ಉಸಿರು ಒಳಗೆ ಹೋಗುವ ಸದ್ದು ನಮ್ಮ ಮನೆಗೆ ಕೇಳಿಸುತ್ತಿತ್ತು.

ಅಪ್ಪ ಬಿಳಿಚಿದ ನೂಲಿನ ಲಡಿ ಹಿಡಿದು ಗಿರಣಿಯ ಮುನೀಮನ ಹತ್ತಿರ ಹೋದ. ನಾನೂ ಹೋಗಿದ್ದೆ.

"ಬಿಸಲಿಗೆ ಮಾಸ್ಯಾದ" ಎಂದ ಮುನೀಮ.

"ಕುಸುಬಿ ಬಣ್ಣ ಯಾರರೆ ಬಿಸಲಾಗ ಒಣಗಿಸ್ತಾರೇನ್ರಿ? ನೆಳ್ಳಾಗ ಹಾಕಿದ್ನಿ."

"ಹಂಗಾರ ನೆಳ್ಳಿಗೇ ಮಾಸ್ಯಾದ. ಹೋಗು."

ಈ ಮಾತು ನೆನಪಾದಾಗಲೆಲ್ಲ ಈಗಲೂ ನನ್ನ ಕೈ ಮುಷ್ಟಿಯಾಗುತ್ತದೆ.

ತಹಶೀಲ್ ಕಚೇರಿಗೆ ದರಖಾಸ್ತು ಕೊಡುವುದೆಂದಾಯಿತು. ಕಚೇರಿಯ ಭಾಷೆ ಉರ್ದು, ಬರೆಯುವವರು ಯಾರು? ಮನೆಯಲ್ಲಿ ಉರ್ದು ಕಲಿತವಳು ನಾನೊಬ್ಬಳೇ. ಶಾಲೆಯಲ್ಲಿ ಹೇಳಿಕೊಟ್ಟ ಅದಬಿನ, ಅಂದರೆ ವಿನಯದ, ಮಾತುಗಳನ್ನೆಲ್ಲ ಸುರಿದು ಬರೆದೆ. ಕೊನೆಗೆ, ಹುಜೂರರು ದಯಮಾಡಿಸುವ ದಿನವನ್ನು ಮೊದಲೇ ತಿಳಿಸಬೇಕು, ಬಡವರಾದ ನಾವು ಎದುರುಗೊಳ್ಳಲು ಕಾದಿರುತ್ತೇವೆ ಎಂದು ಸೇರಿಸಿದೆ. ಆ ಸಾಲಿನ ಮೇಲೆ ನನಗೆ ಎಷ್ಟು ಪ್ರೀತಿಯೆಂದರೆ ಖಾಜಾಬೀಗೆ ಎರಡು ಸಲ ಓದಿ ಹೇಳಿದೆ. ಅಪ್ಪ ಹೆಬ್ಬೆಟ್ಟು ಒತ್ತಿದ.

ಸಾಹೇಬ ತಪಾಸಣೆಗೆ ಬರುವ ತಾರೀಖು ತಿಳಿಸಿ ಕಾಗದ ಬಂತು. ನಮಗೆ ಬಂದಂತೆ ಗಿರಣಿಗೂ ಹೋಯಿತು.

ಹಿಂದಿನ ದಿನವೇ ಹತ್ತಾರು ಬಂಡಿ ಜಾಲಿ ಕಟ್ಟಿಗೆ ಗಿರಣಿಯ ಅಂಗಳದಲ್ಲಿ ಇಳಿದಿತ್ತು. ಬೆಳಗ್ಗೆ ಚಿಮಣಿಯಿಂದ ಒಲೆಯ ಹೊಗೆಯಂಥ ಸಾಧು ಹೊಗೆ ಏಳುತ್ತಿತ್ತು. ಸಾಹೇಬ ಕೊಡೆ ಹಿಡಿದು ಮೇಲೆ ನೋಡಿದ, ಮೂಸಿದ. "ಗಂಧಕ ಎಲ್ಲೈತಿ?" ಎಂದು ನಮ್ಮನ್ನೇ ಗದರಿಸಿ ಗಿರಣಿಯೊಳಗೆ ಚಹಾಕ್ಕೆ ಹೋದ.

ಆದರೆ ಖಾಜಾಬೀ ಅವತ್ತು ಕಟ್ಟೆಗೆ ಬಂದು ಕೂತಿದ್ದಳು. ನನ್ನನ್ನು ಎಳೆದು ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. "ನೋಡ್ ಬೇಟಿ, ನಿನ್ನ ಕಾಗದದ ಕರಾಮತ್ತು! ಮುಂಜಾನಿಂದ ಒಂದ್ ಕೆಮ್ಮಿಲ್ಲ." ಅಪ್ಪ ಆ ದಿನ ಒಣಹಾಕಿದ ಲಡಿ ಸಂಜೆಯವರೆಗೂ ಕೆಂಪಾಗೇ ಇತ್ತು. ನಾನು ತಹಶೀಲ್ದಾರಳೇ ಆದಂತೆ ಮೆರೆದೆ.

ಮರುದಿನ ಮತ್ತೆ ಕಲ್ಲಿದ್ದಲು. ಎದುರಾದ ಮುನೀಮ ಅಪ್ಪನಿಗೆ ಹೇಳಿದ: "ನಿನ್ನ ಮಗಳು ಭಾಳ ಅದಬಿನಾಕಿ. ತಾರೀಖು ಕೇಳಿ ನಮಗೂ ಅನುಕೂಲ ಮಾಡಿದ್ಳು."

ಎರಡನೆಯ ದರಖಾಸ್ತಿಗೆ ಉತ್ತರ ಬಂತು: ತಪಾಸಣೆ ಆಗಿದೆ, ದೂರಿನಲ್ಲಿ ಹುರುಳಿಲ್ಲ.

ಖಾಜಾಬೀ ಹುಟ್ಟಿ ಬೆಳೆದ ಮನೆಗೆ ಕೀಲಿ ಹಾಕಿ ದೇವಾಪುರದ ಮಗಳ ಮನೆಗೆ ಹೊರಟಳು. ಬಂಡಿ ಏರುವಾಗ ನಾನು ಅಳುತ್ತಿದ್ದೆ. "ಒಂದ್ ದಿನ ಉಸಿರು ಕೊಡಿಸಿದೆಲ್ಲ ಬೇಟಿ, ಸಾಕು" ಎಂದಳು.

ಸಾಕೇ? ನೀವೇ ಹೇಳಿ. ಆಗುವುದಿಲ್ಲ ಎಂದಿದ್ದರೆ ಹಣೆಬರಹ ಎಂದು ಸುಮ್ಮನಿರಬಹುದಿತ್ತು. ಆಗುತ್ತದೆ ಎಂದು ಅವರೇ ಮಾಡಿ ತೋರಿಸಿದರು, ಇಡೀ ಒಂದು ದಿನ! ಸಾಹೇಬನ ಮೂಗಿಗೆ ಕಟ್ಟಿಗೆ, ನಮ್ಮ ಮೂಗಿಗೆ ಗಂಧಕ. ಈಗ ಒಳ್ಳೆಯ ಇಂಧನವಿದೆ, ಹೊಗೆ ತೊಳೆಯುವ ಯಂತ್ರವಿದೆ, ಇಷ್ಟಕ್ಕಿಂತ ಹೆಚ್ಚು ಬಿಡಬಾರದೆಂಬ ಕಾಯಿದೆಯೂ ಇದೆ. ಆದರೂ ಸೈದಾಪುರದ ಆ ತರುಣ ನಗುತ್ತಾನೆ.

ಮನೆಗೆ ಬಂದವಳೇ ಅಪ್ಪನ ಟ್ರಂಕು ತೆರೆದೆ. ಅವನು ಪುರಾವೆಗೆಂದು ಕರಿಬಟ್ಟೆಯಲ್ಲಿ ಸುತ್ತಿಟ್ಟ ಎರಡು ಲಡಿಗಳಿದ್ದವು, ಒಂದು ಬಿಳಿಚಿದ್ದು, ಒಂದು ಸಾಹೇಬ ಬಂದ ದಿನದ್ದು. ಕೆಂಪು ಮೊದಲಿನಷ್ಟಿಲ್ಲ, ಆದರೂ ಯಾವುದು ಯಾವುದೆಂದು ಕೇಳಬೇಕಾಗಿಲ್ಲ. ಸೈದಾಪುರದ ಹೊಗೆಯ ಬಗ್ಗೆ ಮಾಲಿನ್ಯ ತಪಾಸಣೆಯ ಕಚೇರಿಗೆ ಅರ್ಜಿ ಬರೆಯಲು ಕೂತೆ. ಮುಗಿಸುವ ಹೊತ್ತಿಗೆ ಕೈ ತಾನಾಗಿ ಬರೆಯಿತು: ತಾವು ಬರುವ ದಿನವನ್ನು ಮೊದಲೇ ತಿಳಿಸಿದರೆ...

ಅಲ್ಲೇ ನಿಲ್ಲಿಸಿ ಅದನ್ನು ಹೊಡೆದುಹಾಕಿದೆ. ಎರಡೂ ಲಡಿಗಳಿಂದ ಒಂದೊಂದು ಎಳೆ ಕತ್ತರಿಸಿ ಕಾಗದಕ್ಕೆ ಹೊಲಿದೆ. ಕೆಳಗೆ ಬರೆದೆ: ಬರುವ ದಿನವನ್ನು ಯಾರಿಗೂ ತಿಳಿಸಬೇಡಿ. ನಮಗೂ.